ಪದಚರ್ಚೆ: ‘ಅಮಾಲ್ಗಂ’ ಅಂದರೆ ಹಲ್ಲಿನದೋ, ಕೆಮಿಸ್ಟ್ರಿಯದೋ, ಆಚಾರ್ರ ಮುಲಾಮೋ?

ಎಲ್ಲರಿಗೂ ನಮಸ್ಕಾರ.

ಒಂದು ಪದ ಎರಡು ವಾರದಿಂದ ಹಲ್ಲಿನ ಸಂದಿಗೆ ಸಿಕ್ಕಿಕೊಂಡ ಅಡಿಕೆ ಚೂರಿನ ಹಾಗೆ ಕಾಡುತ್ತಿದೆ. ನಾಲಿಗೆ ಸುಮ್ನಿರದೆ ಮತ್ತೆ ಮತ್ತೆ ಅಲ್ಲಿಗೇ ಹೋಗುತ್ತದೆ. ಪದ ‘ಅಮಾಲ್ಗಂ’, ಪಾದರಸ ಬೆರೆತ ಲೋಹ; ಹುಳುಕು ಹಲ್ಲಿಗೆ ತುಂಬುವ ಒಂದು ವಸ್ತುವಿಗೂ ಇದೇ ಹೆಸರು.

ಆದದ್ದು ಇಷ್ಟು. ನನಗೆ ಪರಿಚಯದ ಹಲ್ಲಿನ ಡಾಕ್ಟರೊಬ್ಬರು ತಮ್ಮಲ್ಲಿಗೆ ಬರುವವರಿಗೆ ಕೊಡಲು ನಾಲ್ಕು ಪುಟದ ಒಂದು ಕೈಪಿಡಿ ಬರೆದಿದ್ದಾರೆ, ಇಂಗ್ಲಿಷಿನಲ್ಲಿ. ಹುಳುಕು ಹಲ್ಲು ಅಂದರೇನು, ಅದನ್ನು ಯಾಕೆ ತುಂಬಿಸಬೇಕು, ಯಾವುದರಿಂದ ತುಂಬುತ್ತಾರೆ, ತುಂಬಿಸಿದ ಮೇಲೆ ಏನು ಮಾಡಬಾರದು. ಅದನ್ನು ಕನ್ನಡಕ್ಕೆ ಮಾಡಿಕೊಡಿ ಅಂದರು. ಒಂದು ಸಂಜೆಯ ಕೆಲಸ ಅಂದುಕೊಂಡು ಕೂತೆ. ಮೂರನೇ ಪುಟದಲ್ಲಿ ಅಮಾಲ್ಗಂ ಬಂತು. ಅಲ್ಲೇ ನಿಂತಿದ್ದೇನೆ.

ಮೊದಲು ಪದವನ್ನು ಹಾಗೇ ಕನ್ನಡ ಅಕ್ಷರದಲ್ಲಿ ಬರೆದುಬಿಟ್ಟೆ. ಟೈಪ್ ಮಾಡಿದ ಹುಡುಗ ಅದನ್ನು ‘ಅಮಲ್‌ಗಮ್’ ಮಾಡಿದ್ದ. ಕರಡನ್ನು ಓದಲು ನಮ್ಮ ಪಕ್ಕದ ಮನೆಯವರಿಗೆ ಕೊಟ್ಟರೆ, ಅವರು ಕನ್ನಡಕ ಮೇಲೆ ಸರಿಸಿ, “ಅಮಲು ಬರೋ ಗಮ್ಮಾ? ಹಲ್ಲು ನೋವಾಗ್ದಂಗೆ ಹಾಕ್ತಾರಾ?” ಅಂತ ಕೇಳಿದರು. ತಪ್ಪು ಅವರದಲ್ಲ. ಕನ್ನಡಿಗರ ಕಿವಿಗೆ ಅಮಲು ಗೊತ್ತು, ಗಮ್ ಗೊತ್ತು, ಎರಡೂ ಸೇರಿದರೆ ಇನ್ನೇನಾಗಬೇಕು.

ಸರಿ, ಪರಕೀಯ ಪದ ಬೇಡ ಅಂತ ‘ರಸಮಿಶ್ರಲೋಹ’ ಅಂತ ತಿದ್ದಿದೆ. ಈಗ ಅವರು, “ರಸ ಅಂದ್ರೆ ಯಾವ ರಸ?” ಅಂದರು. ನಾನು ಪಾದರಸ ಅಂದೆ. “ಅಯ್ಯೋ, ಪಾದರಸಾನ ಬಾಯಿಗೆ ಹಾಕ್ತಾರಾ!” ಇದಕ್ಕೆ ಉತ್ತರ ಹೇಳುವುದು ಅನುವಾದಕಿಯ ಕೆಲಸವೋ ಡಾಕ್ಟರ ಕೆಲಸವೋ ಗೊತ್ತಾಗದೆ ಸುಮ್ಮನಾದೆ.

ಅದೇ ವಾರ ಅಣ್ಣನ ಮಗ ಮನೆಗೆ ಬಂದಿದ್ದ. ಪಿಯುಸಿ ಸೈನ್ಸ್. ನನ್ನ ಮೇಜಿನ ಮೇಲಿದ್ದ ಕೈಪಿಡಿ ಓದಿ ನಗಲು ಶುರುಮಾಡಿದ. “ಅತ್ತೆ, ನಮ್ ಕೆಮಿಸ್ಟ್ರೀಲಿ ಸೋಡಿಯಂ ಅಮಾಲ್ಗಂ ಇದೆ. ಅದನ್ನ ಹಲ್ಲಿಗೆ ತುಂಬಿದ್ರೆ ಏನಾಗುತ್ತೆ ಗೊತ್ತಾ?” ನನಗೆ ಗೊತ್ತಿರಲಿಲ್ಲ. ಸೋಡಿಯಂ ಅಮಾಲ್ಗಂ ನೀರಿಗೆ ತಾಗಿದರೆ ಹೈಡ್ರೋಜನ್ ಅನಿಲ ಹೊರಬರುತ್ತದಂತೆ, ಉಳಿಯುವುದು ಕಾಸ್ಟಿಕ್ ಸೋಡಾ. ಬಾಯಿ ತುಂಬ ಎಂಜಲು ಇರುವ ಜಾಗದಲ್ಲಿ ಅದನ್ನು ತುಂಬಿದರೆ ಹಲ್ಲಿನ ಜೊತೆ ಒಸಡೂ ಹೋಯಿತು. ಹುಡುಗ ತಮಾಷೆಗೆ ಹೇಳಿದ್ದು. ಆದರೆ ನನ್ನ ಪ್ರಶ್ನೆ ಹುಟ್ಟಿದ್ದೇ ಅಲ್ಲಿ. ಒಂದೇ ಪದ, ಎರಡು ಮನೆ. ಒಂದು ಮನೆಯಲ್ಲಿ ಅದರ ಅರ್ಥ ತುಂಬ ಅಗಲ, ಇನ್ನೊಂದರಲ್ಲಿ ತುಂಬ ಕಿರಿದು. ಕನ್ನಡದಲ್ಲಿ ಎರಡಕ್ಕೂ ಒಂದೇ ಪದ ಇಡಬೇಕಾ?

ನಾನು ತಿಳಿದುಕೊಂಡದ್ದನ್ನು ಮೊದಲು ಹೇಳಿಬಿಡುತ್ತೇನೆ.

ರಸಾಯನಶಾಸ್ತ್ರದವರಿಗೆ ಪಾದರಸ ಸೇರಿದ ಯಾವ ಮಿಶ್ರಲೋಹವಾದರೂ ಅಮಾಲ್ಗಂ. ಹತ್ತನೇ ಕ್ಲಾಸಿನ ಪಾಠದಲ್ಲೇ ಇದು ಬರುತ್ತದೆ. ಚಿನ್ನ, ಬೆಳ್ಳಿ, ತವರ, ಸತು, ಸೋಡಿಯಂ, ಯಾವುದಾದರೂ ಆಗಬಹುದು. ಗಟ್ಟಿಯಾಗಿರಬಹುದು, ಬೆಣ್ಣೆಯ ಹಾಗಿರಬಹುದು, ನೀರಾಗಿಯೂ ಇರಬಹುದು, ಪಾದರಸ ಎಷ್ಟಿದೆ ಅನ್ನುವುದರ ಮೇಲೆ. ಕಬ್ಬಿಣದಂಥ ಕೆಲವು ಲೋಹ ಮಾತ್ರ ಪಾದರಸದ ತಂಟೆಗೆ ಹೋಗುವುದಿಲ್ಲ. ಅದಕ್ಕೇ ಪಾದರಸವನ್ನು ಹಿಂದಿನಿಂದಲೂ ಕಬ್ಬಿಣದ ಶೀಸೆಗಳಲ್ಲಿ ತುಂಬಿ ಮಾರುತ್ತಿದ್ದರು, ಒಂದು ಶೀಸೆಗೆ 76 ಪೌಂಡು, ಅಂದರೆ ಸುಮಾರು 34.5 ಕೆ.ಜಿ. ಅಲ್ಯೂಮಿನಿಯಂ ಇದಕ್ಕೆ ತದ್ವಿರುದ್ಧ. ಅದರ ಮೇಲ್ಪದರ ಸ್ವಲ್ಪ ಗೀಚಿ ಪಾದರಸ ತಾಗಿಸಿದರೆ ಸಾಕು, ಬೂಷ್ಟು ಬೆಳೆದ ಹಾಗೆ ಬಿಳಿ ಬಿಳಿಯಾಗಿ ಎದ್ದು ಲೋಹ ಪುಡಿಯಾಗುತ್ತಾ ಹೋಗುತ್ತದೆ. ವಿಮಾನದಲ್ಲಿ ಪಾದರಸ ಒಯ್ಯಲು ಬಿಡದೆ ಇರುವುದಕ್ಕೆ ಇದೂ ಒಂದು ಕಾರಣ.

ಹಲ್ಲಿನ ಡಾಕ್ಟರಿಗೆ ಅಮಾಲ್ಗಂ ಅಂದರೆ ಒಂದೇ ಒಂದು. ಬೆಳ್ಳಿ, ತವರ, ತಾಮ್ರ, ಕೆಲವದರಲ್ಲಿ ಚಿಟಿಕೆ ಸತು, ಇಷ್ಟು ಸೇರಿದ ಪುಡಿ. ಅದಕ್ಕೆ ಹೆಚ್ಚುಕಡಿಮೆ ಅಷ್ಟೇ ತೂಕದ ಪಾದರಸ. ಕಲಸಿದಾಗ ಮೆತ್ತಗಿರುತ್ತದೆ, ಹಲ್ಲಿನ ಗುಳಿಗೆ ಒತ್ತಿ ತುಂಬಿದ ಮೇಲೆ ಕೆಲವೇ ನಿಮಿಷದಲ್ಲಿ ಬಿಗಿಯುತ್ತದೆ, ಪೂರ್ತಿ ಗಟ್ಟಿಯಾಗಲು ಒಂದು ದಿನ ಬೇಕು. ಇವತ್ತು ಆ ಕಡೆ ಗಟ್ಟಿ ಪದಾರ್ಥ ಕಡಿಯಬೇಡಿ ಅಂತ ಹೇಳಿ ಕಳಿಸುವುದು ಅದಕ್ಕೇ. ಹಿಂದೆ ಇದನ್ನು ಸಣ್ಣ ಕಲ್ವದಲ್ಲಿ ಅರೆದು, ಬಟ್ಟೆಯಲ್ಲೋ ಮೆತ್ತನೆಯ ಚರ್ಮದಲ್ಲೋ ಹಾಕಿ ಹಿಂಡಿ ಹೆಚ್ಚಿನ ಪಾದರಸ ತೆಗೆಯುತ್ತಿದ್ದರಂತೆ, ಅಂಗೈಯಲ್ಲೇ ತಿಕ್ಕುತ್ತಿದ್ದವರೂ ಇದ್ದರಂತೆ. ಈಗ ಕ್ಯಾಪ್ಸೂಲಿನಲ್ಲಿ ಎರಡೂ ಬರುತ್ತವೆ, ಯಂತ್ರ ಅಲ್ಲಾಡಿಸಿ ಕಲಸಿಕೊಡುತ್ತದೆ.

ಇಷ್ಟೇ ಆಗಿದ್ದರೆ ಒಂದು ದೊಡ್ಡ ಗುಂಪು, ಅದರೊಳಗೆ ಒಂದು ಸಣ್ಣದು ಅಂತ ಬಿಟ್ಟುಬಿಡಬಹುದಿತ್ತು. ಆದರೆ ಬಳಕೆಯಲ್ಲಿ ಇನ್ನೂ ಎರಡು ತೊಡಕಿವೆ.

ಮೊದಲನೆಯದು. ಹಲ್ಲಿನವರು ಅಮಾಲ್ಗಂ ಅನ್ನುವುದು ವಸ್ತುವಿಗೂ ಹೌದು, ತುಂಬಿಸಿದ ಆ ಒಂದು ಫಿಲ್ಲಿಂಗಿಗೂ ಹೌದು. “ಇವರ ಕೆಳಗಿನ ದವಡೇಲಿ ಹಳೇ ಅಮಾಲ್ಗಂ ಎರಡಿದೆ” ಅಂತ ಎಣಿಸುತ್ತಾರೆ. ಕೆಮಿಸ್ಟ್ರಿ ಮೇಷ್ಟ್ರು ಅಮಾಲ್ಗಂ ಅನ್ನು ತೂಗುತ್ತಾರೆಯೇ ಹೊರತು ಹೀಗೆ ಎಣಿಸುವುದಿಲ್ಲ. ಇನ್ನೊಂದು ಮಾತು ಕೇಳಿ ಖುಷಿಯಾಯಿತು. ಹಳೇ ಫಿಲ್ಲಿಂಗಿನ ಪುಡಿ ಒಸಡಿನೊಳಗೆ ಸೇರಿಕೊಂಡು ಬೂದು-ನೀಲಿ ಕಲೆಯಾಗಿ ನಿಂತರೆ ಅದಕ್ಕೆ ‘ಅಮಾಲ್ಗಂ ಟ್ಯಾಟೂ’ ಅನ್ನುತ್ತಾರೆ. ನಮ್ಮ ಅಜ್ಜಿಯ ಕೈಮೇಲಿದ್ದ ಹಚ್ಚೆಯ ಬಣ್ಣವೇ. ಇದನ್ನು ಮಾತ್ರ ಯೋಚನೆ ಮಾಡದೆ ‘ಅಮಾಲ್ಗಂ ಹಚ್ಚೆ’ ಅಂತ ಬರೆದೆ.

ಎರಡನೆಯದು ನಿಜಕ್ಕೂ ಕಷ್ಟದ್ದು. ಪಾದರಸ ಸೇರಿಸುವ ಮೊದಲು ಇರುವ ಬೆಳ್ಳಿ-ತವರದ ಪುಡಿಗೆ ಹಲ್ಲಿನವರು ‘ಅಲಾಯ್’ ಅನ್ನುತ್ತಾರೆ. ಪಾದರಸ ಸೇರಿದ ಮೇಲೆ ಅದು ‘ಅಮಾಲ್ಗಂ’. ಅಂದರೆ ಅವರ ಮಾತಿನಲ್ಲಿ ಅಲಾಯ್ ಬೇರೆ, ಅಮಾಲ್ಗಂ ಬೇರೆ, ಒಂದು ಮೊದಲು ಇನ್ನೊಂದು ಆಮೇಲೆ. ಕೆಮಿಸ್ಟ್ರಿಯಲ್ಲಿ ಹಾಗಲ್ಲ, ಅಮಾಲ್ಗಂ ಕೂಡ ಒಂದು ಅಲಾಯ್. ನಾವು ಅಲಾಯ್‌ಗೆ ಮಿಶ್ರಲೋಹ ಅಂತ ಎಲ್ಲ ಪಠ್ಯಗಳಲ್ಲೂ ಒಪ್ಪಿಕೊಂಡಿದ್ದೇವೆ. ಈಗ ಅಮಾಲ್ಗಂಗೆ ‘ರಸಮಿಶ್ರಲೋಹ’ ಅಂತಿಟ್ಟರೆ ನನ್ನ ಕೈಪಿಡಿಯ ವಾಕ್ಯ ಹೀಗಾಗುತ್ತದೆ: “ಮಿಶ್ರಲೋಹದ ಪುಡಿಗೆ ಪಾದರಸ ಬೆರೆಸಿದಾಗ ರಸಮಿಶ್ರಲೋಹವಾಗುತ್ತದೆ.” ಇದನ್ನು ಹಲ್ಲು ನೋವಿನಲ್ಲಿ ಕೆನ್ನೆ ಹಿಡಿದುಕೊಂಡು ಕೂತವರು ಓದಬೇಕು! ಡಾಕ್ಟರೇ ಓದಿ, “ಇಂಗ್ಲಿಷೇ ಸುಲಭವಾಗಿತ್ತಲ್ಲಮ್ಮ” ಅಂದರು. ಮರ್ಯಾದೆ ಹೋಯಿತು.

ಇನ್ನು ನನ್ನ ಉಂಗುರದ ಕತೆ. ಇದನ್ನು ಬರೆಯಲೋ ಬೇಡವೋ ಅಂತ ಯೋಚಿಸಿದೆ, ಆದರೆ ಪದ ಸಿಕ್ಕಿದ್ದು ಅಲ್ಲೇ ಆದ್ದರಿಂದ ಬರೆಯುತ್ತೇನೆ.

ನಾನು ಒಂಬತ್ತನೇ ಕ್ಲಾಸಿನಲ್ಲಿದ್ದಾಗ ಶಾಲೆಯ ಲ್ಯಾಬಿನಲ್ಲಿ ಪಾದರಸ ಚೆಲ್ಲಿತ್ತು. ಈಗಿನ ಮಕ್ಕಳನ್ನು ಅದರ ಹತ್ತಿರಕ್ಕೂ ಬಿಡುವುದಿಲ್ಲ, ಒಳ್ಳೆಯದೇ. ಆಗ ನಾವೆಲ್ಲ ಮೇಜಿನ ಮೇಲೆ ಆ ಗುಂಡುಗಳನ್ನು ಬೆರಳಿನಲ್ಲಿ ಓಡಿಸಿ ಆಡಿದೆವು. ಪಾದರಸದ ಹಾಗೆ ಚುರುಕು ಅಂತ ಮನೆಯಲ್ಲಿ ಹೇಳುತ್ತಿದ್ದರಲ್ಲ, ಅದರ ಅರ್ಥ ಅವತ್ತು ಕಣ್ಣಾರೆ ಕಂಡೆ. ಆಟ ಮುಗಿದ ಮೇಲೆ ನೋಡಿದರೆ ಬೆರಳಲ್ಲಿದ್ದ ಚಿನ್ನದ ಉಂಗುರ ಬೆಳ್ಳಿಯಾಗಿದೆ. ಉಜ್ಜಿದಷ್ಟೂ ಬಿಳಿ. ಅಮ್ಮನಿಗೆ ಗೊತ್ತಾದಾಗ ಏನಾಯಿತು ಅನ್ನುವುದು ಈ ಚರ್ಚೆಗೆ ಬೇಡ. ಮಾರನೇ ದಿನ ಅಮ್ಮ ನನ್ನನ್ನು ನಮ್ಮೂರಿನ ಆಚಾರ್ರ ಹತ್ತಿರ ಎಳೆದುಕೊಂಡು ಹೋದರು. ಅವರು ಉಂಗುರವನ್ನು ತಿರುಗಿಸಿ ನೋಡಿ, ಏನೂ ಆಗದವರ ಹಾಗೆ, “ರಸ ಕುಡ್ಕೊಂಡದೆ ಕಣಮ್ಮ, ಕಾಯ್ಸಿದ್ರೆ ಬಿಟ್ಬಿಡ್ತದೆ” ಅಂದರು. ಕುಲುಮೆಗೆ ಹಿಡಿದು ಊದಿದರು. ಬಿಳಿ ಹೋಗಿ ಮಂಕು ಹಳದಿ ಬಂತು, ಆಮೇಲೆ ತಿಕ್ಕಿ ಹೊಳಪು ಕೊಟ್ಟರು. ಆ ಹೊಗೆ ಎಷ್ಟು ಕೆಟ್ಟದ್ದು ಅಂತ ಅವರಿಗೂ ಗೊತ್ತಿರಲಿಲ್ಲ, ಪಕ್ಕದಲ್ಲೇ ಬಗ್ಗಿ ನೋಡುತ್ತಿದ್ದ ನಮಗೂ ಗೊತ್ತಿರಲಿಲ್ಲ.

‘ರಸ ಕುಡಿದ ಚಿನ್ನ’. ನೋಡಿ, ಅಮಾಲ್ಗಂ ಅನ್ನುವುದನ್ನು ಆಚಾರ್ರು ಎರಡೇ ಪದದಲ್ಲಿ, ಅದೂ ಒಂದು ಕ್ರಿಯಾಪದ ಇಟ್ಟುಕೊಂಡು ಹೇಳಿಬಿಟ್ಟಿದ್ದರು. ಕುದಿಸಬೇಕಿಲ್ಲ, ಕರಗಿಸಬೇಕಿಲ್ಲ, ಮುಟ್ಟಿದರೆ ಸಾಕು, ಲೋಹ ಪಾದರಸವನ್ನು ಕುಡಿದುಕೊಳ್ಳುತ್ತದೆ. ಬೆಂಕಿ ಇಲ್ಲದೆ ಕೂಡುವುದೇ ಇದರ ವಿಶೇಷ. ಅದಕ್ಕೇ ಗೆಳತಿಯೊಬ್ಬಳು ಸೂಚಿಸಿದ ‘ರಸದೆರಕ’ ನನಗೆ ಹಿಡಿಸಲಿಲ್ಲ. ಎರಕ ಅಂದ ಕೂಡಲೆ ಮೂಸೆ, ಬೆಂಕಿ, ಕರಗಿದ ಲೋಹ ಕಣ್ಣೆದುರಿಗೆ ಬರುತ್ತದೆ.

ಅದೇ ಆಚಾರ್ರ ಅಂಗಡಿಯಲ್ಲಿ ಇನ್ನೊಂದು ಪದವೂ ಇತ್ತು: ಮುಲಾಮು. ಬೆಳ್ಳಿಯದೋ ತಾಮ್ರದ್ದೋ ಒಡವೆಗೆ ತೆಳ್ಳಗೆ ಚಿನ್ನ ಹಿಡಿಸುವುದಕ್ಕೆ ಚಿನ್ನದ ಮುಲಾಮು ಅನ್ನುತ್ತಾರೆ. ಬಂಗಾರದ ನೀರು ಕುಡಿಸುವುದು ಅಂತಲೂ ಹೇಳುವುದುಂಟು (ಇಲ್ಲೂ ಕುಡಿಯುವುದೇ!), ಗಿಲೀಟು ಅನ್ನುವವರೂ ಇದ್ದಾರೆ. ಈಗ ಅದನ್ನು ಕರೆಂಟಿನಲ್ಲಿ ಮಾಡುತ್ತಾರೆ. ಹಳೇ ಕಾಲದಲ್ಲಿ ಚಿನ್ನವನ್ನು ಪಾದರಸದಲ್ಲಿ ಕಲಸಿ, ಬೆಣ್ಣೆಯ ಹಾಗೆ ಮಾಡಿ, ಒಡವೆಗೋ ವಿಗ್ರಹಕ್ಕೋ ಸವರಿ, ಆಮೇಲೆ ಕಾಯಿಸುತ್ತಿದ್ದರು. ಪಾದರಸ ಹೊಗೆಯಾಗಿ ಹೋಗಿ ಚಿನ್ನ ಮಾತ್ರ ಅಂಟಿಕೊಂಡು ಉಳಿಯುತ್ತಿತ್ತು. ಆ ಬೆಣ್ಣೆ ಅಂದರೆ ಶುದ್ಧ ಅಮಾಲ್ಗಂ, ಕೆಮಿಸ್ಟ್ರಿಯ ಅರ್ಥದಲ್ಲಿ.

ಗಾಯಕ್ಕೆ ಹಚ್ಚುವುದಕ್ಕೂ ನಾವು ಮುಲಾಮು ಅಂತಲೇ ಅನ್ನುತ್ತೇವಲ್ಲ. ಇದು ಹೇಗೆ, ಒಂದೇ ಪದವಾ ಅಂತ ನಿಘಂಟುಗಳ ಬೆನ್ನು ಹತ್ತಿದೆ. ಇಲ್ಲಿಂದ ಮುಂದೆ ನಿಮಗೂ ಕುತೂಹಲ ಆಗಬಹುದು.

ಎರಡೂ ಬೇರೆ ಬೇರೆ ಪದ. ಎರಡೂ ಅರಬ್ಬಿಯಿಂದ ಹೊರಟು ಪಾರಸಿ, ಉರ್ದು, ಮರಾಠಿ ದಾರಿಯಲ್ಲಿ ನಮಗೆ ಬಂದವು. ಚಿನ್ನದ ಮುಲಾಮು ಅರಬ್ಬಿಯ ‘ಮುಲಮ್ಮಾ’, ಹೊಳಪು ಕೊಟ್ಟದ್ದು ಅಂತ ಅರ್ಥ, ಮರಾಠಿಯಲ್ಲಿ ‘ಮುಲಾಮಾ’. ಗಾಯದ ಮುಲಾಮು ಅರಬ್ಬಿಯ ‘ಮರ್ಹಮ್’. ಹಿಂದಿಯಲ್ಲಿ ಮರಹಮ್, ಮಲಹಮ್, ಮರಾಠಿಯಲ್ಲಿ ಮಲಮ್. ನಮ್ಮಲ್ಲೂ ಕೆಲವು ಕಡೆ ಮಲಾಮು ಅನ್ನುತ್ತಾರೆ. ಕನ್ನಡದ ಬಾಯಿಗೆ ಬರುವಷ್ಟರಲ್ಲಿ ಎರಡೂ ಸವೆದು ಮುಲಾಮು ಆಗಿವೆ.

ಈಗ ಮಜಾ ನೋಡಿ. ಅರಬ್ಬಿಯ ಮರ್ಹಮ್‌ನ ಮೂಲ ಗ್ರೀಕಿನ ‘ಮಾಲಗ್ಮ’ ಅಂತ ವಿದ್ವಾಂಸರು ಹೇಳುತ್ತಾರೆ. ಮಾಲಗ್ಮ ಅಂದರೆ ಮೆತ್ತಗೆ ಮಾಡುವುದು, ಗ್ರೀಕ್ ವೈದ್ಯರು ಬಾವು ಇಳಿಯಲು ಕಟ್ಟುತ್ತಿದ್ದ ಮೆತ್ತನೆಯ ಪಟ್ಟಿ. ನಮ್ಮ ಅಮಾಲ್ಗಂ ಎಲ್ಲಿಂದ ಬಂತು? ಮಧ್ಯಯುಗದ ಯುರೋಪಿನ ರಸವಾದಿಗಳ ಲ್ಯಾಟಿನ್ನಿನ ‘ಅಮಾಲ್ಗಮ’ದಿಂದ. ಅದರ ಹಿಂದೆಯೂ ಇದೇ ಗ್ರೀಕ್ ಮಾಲಗ್ಮ ಇದೆ, ಅರಬ್ಬಿಯ ಮೂಲಕ ಬಂದಿದೆ ಅನ್ನುವುದು ಜಾಸ್ತಿ ಜನ ಒಪ್ಪುವ ಅಭಿಪ್ರಾಯ. ಅರಬ್ಬಿಯ ಬೇರೆ ಧಾತುಗಳಿಂದ ಬಂತು ಅನ್ನುವವರೂ ಇದ್ದಾರೆ. ಜಾಸ್ತಿ ಜನರ ಮಾತನ್ನೇ ಹಿಡಿದರೆ, ನಾವು ಸುಟ್ಟ ಗಾಯಕ್ಕೆ ಹಚ್ಚುವ ಮುಲಾಮೂ ಡಾಕ್ಟರು ಹಲ್ಲಿಗೆ ತುಂಬುವ ಅಮಾಲ್ಗಮ್ಮೂ ದೂರದ ದಾಯಾದಿಗಳು. ಆಚಾರ್ರ ಮುಲಾಮು ಇವಕ್ಕೆ ರಕ್ತಸಂಬಂಧಿಯಲ್ಲ, ಆದರೆ ಮಾಡುವ ಕೆಲಸ ಮಾತ್ರ ಅಮಾಲ್ಗಂದೇ. ಒಂದು ಮುಲಾಮು ಬೇರಿನಲ್ಲಿ ನೆಂಟ, ಇನ್ನೊಂದು ಮುಲಾಮು ಕಸುಬಿನಲ್ಲಿ ನೆಂಟ. ಇದನ್ನು ಕಂಡ ರಾತ್ರಿ ನನಗೆ ನಿದ್ದೆ ಬರಲಿಲ್ಲ, ನಿಜವಾಗಲೂ.

ಹಾಗಾದರೆ ಅಮಾಲ್ಗಂಗೆ ‘ಮುಲಾಮು’ ಅಂದುಬಿಡೋಣ ಅನ್ನಿಸುತ್ತೆ, ಅಲ್ವಾ? ನನಗೂ ಅನ್ನಿಸಿತು. ಆದರೆ “ನಿಮ್ಮ ಹಲ್ಲಿಗೆ ಮುಲಾಮು ತುಂಬುತ್ತೇವೆ” ಅಂತ ಬರೆದರೆ ಜನ ಟ್ಯೂಬಿನಲ್ಲಿ ಬರುವ ಮುಲಾಮು ಅಂದುಕೊಳ್ಳುತ್ತಾರೆ. ಅಂಗಡಿಯಿಂದ ತಂದು ತಾವೇ ಹಚ್ಚಿಕೊಂಡಾರು. ಕೈಪಿಡಿಗೆ ಅದು ಬೇಡ. ಪದದ ಕತೆ ಚೆನ್ನಾಗಿದೆ ಅಂತ ರೋಗಿಯ ಮೇಲೆ ಅದನ್ನು ಹೊರಿಸಲಾಗುವುದಿಲ್ಲ.

ಇದೆಲ್ಲ ಹುಡುಕುವಾಗ ಎರಡು ಅರ್ಥಗಳ ನಡುವಿನ ಇನ್ನೊಂದು ವ್ಯತ್ಯಾಸ ಹೊಳೆಯಿತು, ಯಾವ ನಿಘಂಟಿನಲ್ಲೂ ನಾನು ಇದನ್ನು ನೋಡಿಲ್ಲ. ಆಚಾರ್ರಿಗೂ ಗಣಿಯವರಿಗೂ ಅಮಾಲ್ಗಂ ಒಂದು ದಾರಿ ಅಷ್ಟೇ. ಕೋಲಾರದ ಚಿನ್ನದ ಗಣಿಯನ್ನೇ ನೋಡಿ. ಅಲ್ಲಿ ಬೆಣಚುಕಲ್ಲಿನ ಅದಿರನ್ನು ಕುಟ್ಟಿ ಪುಡಿ ಮಾಡಿ, ನೀರಿನ ಜೊತೆ ಪಾದರಸ ಸವರಿದ ತಾಮ್ರದ ತಗಡುಗಳ ಮೇಲೆ ಹರಿಸುತ್ತಿದ್ದರು. ಕಲ್ಲಿನ ಪುಡಿ ಹರಿದುಹೋಗಿ ಚಿನ್ನದ ಕಣ ಪಾದರಸಕ್ಕೆ ಅಂಟಿಕೊಳ್ಳುತ್ತಿತ್ತು. ಆ ಅಮಾಲ್ಗಂ ಕೆರೆದು, ಹಿಂಡಿ, ಮುಚ್ಚಿದ ಪಾತ್ರೆಯಲ್ಲಿ ಕಾಯಿಸಿದರೆ ಪಾದರಸ ಆವಿಯಾಗಿ ಹೋಗಿ ಚಿನ್ನ ಉಳಿಯುತ್ತಿತ್ತು. ಆವಿಯನ್ನು ತಣಿಸಿ ಪಾದರಸವನ್ನು ಮತ್ತೆ ಬಳಸುತ್ತಿದ್ದರು. ಸೈನೈಡ್ ಬಂದ ಮೇಲೆ ಉಳಿದ ಪುಡಿಯಿಂದಲೂ ಚಿನ್ನ ತೆಗೆದರು. 2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚಿತು, ಊರ ಪಕ್ಕದ ಸೈನೈಡ್ ದಿಬ್ಬಗಳು ಉಳಿದಿವೆ. ಕಾಸ್ಟಿಕ್ ಸೋಡಾ ಕಾರ್ಖಾನೆಯ ಹಳೇ ವಿಧಾನದಲ್ಲೂ ಅಷ್ಟೇ. ಉಪ್ಪು ನೀರಿಗೆ ಕರೆಂಟು ಹಾಯಿಸಿದಾಗ ಸೋಡಿಯಂ ಪಾದರಸಕ್ಕೆ ಸೇರುತ್ತದೆ, ಮುಂದಿನ ತೊಟ್ಟಿಯಲ್ಲಿ ನೀರು ಕಂಡು ಬಿಟ್ಟುಹೋಗುತ್ತದೆ. 1892ರಲ್ಲಿ ಕಾಸ್ಟ್ನರ್, ಕೆಲ್ನರ್ ಅನ್ನುವ ಇಬ್ಬರು ಬೇರೆ ಬೇರೆಯಾಗಿ ಕಂಡುಕೊಂಡ ವಿಧಾನ ಅದು. ಎಲ್ಲ ಕಡೆಯೂ ಅಮಾಲ್ಗಂ ಮಧ್ಯದಲ್ಲಿ ಬಂದು ಹೋಗುವ ನೆಂಟ.

ಹಲ್ಲಿನಲ್ಲಿ ಮಾತ್ರ ಅದು ಬಂದು ಕೂತುಬಿಡುತ್ತದೆ. ಪಾದರಸ ಹೋಗಬಾರದು, ಅಲ್ಲೇ ಬೆಳ್ಳಿ-ತವರದ ಜೊತೆ ಕೂಡಿ ಗಟ್ಟಿಯಾಗಿ ಹತ್ತು ಹದಿನೈದು ವರ್ಷ ಇರಬೇಕು. ಒಂದು ಕಡೆ ಪದದ ಜೀವ ಇರುವುದು ಮೆತ್ತಗಾಗುವುದರಲ್ಲಿ, ಇನ್ನೊಂದು ಕಡೆ ಗಟ್ಟಿಯಾಗುವುದರಲ್ಲಿ. ಗ್ರೀಕಿನವರು ಇದನ್ನು ಕೇಳಿದ್ದರೆ ನಗುತ್ತಿದ್ದರೇನೋ.

ಈಗ ‘ಬೆಳ್ಳಿ’ ವಿಷಯ. ಡಾಕ್ಟರು ಸೂಚಿಸಿದ್ದು ‘ಬೆಳ್ಳಿ ಫಿಲ್ಲಿಂಗ್’. ಜನ ಹಾಗೇ ಅನ್ನುತ್ತಾರೆ, ನಮ್ಮ ಮನೆಯಲ್ಲೂ “ಹಲ್ಲಿಗೆ ಬೆಳ್ಳಿ ಹಾಕ್ಸಿದೀನಿ” ಅನ್ನುವವರಿದ್ದಾರೆ. ಆದರೆ ತೂಕದಲ್ಲಿ ಅರ್ಧ ಪಾದರಸ ಇರುವ ವಸ್ತುವಿಗೆ ಬೆಳ್ಳಿ ಅಂತ ಮಾತ್ರ ಹೆಸರಿಡುವುದು ನನಗೆ ಸರಿ ಕಾಣಲಿಲ್ಲ. ಇದು ಇವತ್ತಿನ ಕತೆಯೂ ಅಲ್ಲ. 1826ರಲ್ಲಿ ಪ್ಯಾರಿಸ್ಸಿನ ಟಾವೋ ಅನ್ನುವವರು ಇದನ್ನು ಕರೆದದ್ದು ಬೆಳ್ಳಿಯ ಕಣಕ ಅಂತ. 1833ರಲ್ಲಿ ಕ್ರಾಕೂರ್ ಸಹೋದರರು ನ್ಯೂಯಾರ್ಕಿಗೆ ಒಯ್ದಾಗ ಇಟ್ಟ ಹೆಸರು ‘ರಾಯಲ್ ಮಿನರಲ್ ಸಕ್ಸಿಡೇನಿಯಂ’. ಅರಮನೆಯ ಹೆಸರು, ಖನಿಜದ ಹೆಸರು, ಪಾದರಸದ ಸುಳಿವೇ ಇಲ್ಲ. ಅಲ್ಲಿನ ದಂತವೈದ್ಯರ ಸಂಘ ಸಿಟ್ಟಾಗಿ, ಸದಸ್ಯರು ಅಮಾಲ್ಗಂ ಬಳಸುವುದಿಲ್ಲ ಅಂತ ಬರೆದುಕೊಡಬೇಕು ಅಂತ ಹಟ ಹಿಡಿಯಿತು. ಆ ಜಗಳದಲ್ಲಿ ಸಂಘವೇ 1856ಕ್ಕೆ ಮುಚ್ಚಿಹೋಯಿತು. ಅಮಾಲ್ಗಂ ಉಳಿಯಿತು.

ಈಗ ಅದಕ್ಕೂ ಕಾಲ ಬಂದಿದೆ. ಪಾದರಸದ ಬಳಕೆ ಕಡಿಮೆ ಮಾಡಲು ಮಿನಮಾಟಾ ಒಪ್ಪಂದ 2013ರಲ್ಲಿ ಆಯಿತು, ಭಾರತ 2018ರಲ್ಲಿ ಸೇರಿತು. ಯುರೋಪಿಯನ್ ಒಕ್ಕೂಟದಲ್ಲಿ 2025ರ ಜನವರಿ 1ರಿಂದ, ಕೆಲವು ವಿನಾಯಿತಿ ಬಿಟ್ಟರೆ, ಹಲ್ಲಿಗೆ ಅಮಾಲ್ಗಂ ಹಾಕುವಂತಿಲ್ಲ. ಹದಿನೈದು ವರ್ಷದೊಳಗಿನ ಮಕ್ಕಳಿಗೆ, ಬಸುರಿಯರಿಗೆ, ಹಾಲೂಡಿಸುವ ತಾಯಂದಿರಿಗೆ ಹಾಕಬಾರದು ಅನ್ನುವುದು ಅದಕ್ಕೂ ಮೊದಲೇ ಬಂದಿತ್ತು. ನಮ್ಮಲ್ಲೂ ಪಟ್ಟಣದ ಕ್ಲಿನಿಕ್ಕುಗಳಲ್ಲಿ ಹಲ್ಲಿನ ಬಣ್ಣದ ಕಾಂಪೋಸಿಟ್ಟೇ ಜಾಸ್ತಿ ಕಾಣುತ್ತದೆ. ಹಾಗಾದರೆ ಇಷ್ಟು ತಲೆ ಯಾಕೆ ಕೆಡಿಸಿಕೊಳ್ಳಬೇಕು ಅಂತ ನೀವು ಕೇಳಬಹುದು. ಹಾಕುವುದು ಕಡಿಮೆಯಾದರೂ ಹಾಕಿಸಿಕೊಂಡವರು ಇದ್ದಾರಲ್ಲ. ಕೈಪಿಡಿಯ ಆ ಪುಟ ಬರೆದಿರುವುದೇ ಅವರಿಗೆ: ನಿಮ್ಮ ಹಳೇ ಫಿಲ್ಲಿಂಗಿನಲ್ಲಿ ಏನಿದೆ, ಚೆನ್ನಾಗಿರುವುದನ್ನು ಹೆದರಿಕೊಂಡು ಕೀಳಿಸಬೇಕಿಲ್ಲ, ಕಿತ್ತುಹೋದ ಚೂರನ್ನು ಕಸಕ್ಕೆ ಎಸೆಯಬೇಡಿ ಅಂತ. ಹೀಗಿರುವಾಗ ಹೆಸರಿನಲ್ಲಿ ಪಾದರಸ ಕಾಣಲೇಬೇಕು.

ಅಂದಹಾಗೆ, ಬಾಯಲ್ಲಿ ಹಳೇ ಅಮಾಲ್ಗಂ ಇರುವವರು ಚಾಕೊಲೇಟಿನ ಅಲ್ಯೂಮಿನಿಯಂ ಹಾಳೆಯನ್ನು ಗೊತ್ತಿಲ್ಲದೆ ಕಚ್ಚಿದರೆ ‘ಜುಂ’ ಅಂತ ಕರೆಂಟು ಹೊಡೆಯುತ್ತದೆ. ಎರಡು ಲೋಹ, ನಡುವೆ ಎಂಜಲು, ಪುಟ್ಟ ಬ್ಯಾಟರಿ. ನನಗೆ ಆಗಿದೆ. ಎರಡೂ ಶಾಸ್ತ್ರಗಳು ಒಂದೇ ಬಾಯಲ್ಲಿ ಕೂಡಿದರೆ ಹಾಗೆ.

ಜನರ ಬಾಯಲ್ಲಿ ಇನ್ನೊಂದು ಪದ ಇದೆಯಲ್ಲ, ‘ಸಿಮೆಂಟ್’. ಹಲ್ಲಿಗೆ ಸಿಮೆಂಟ್ ಹಾಕಿಸೋದು ಅಂದರೆ ಹಳ್ಳಿಯಲ್ಲೂ ಅರ್ಥವಾಗುತ್ತದೆ. ‘ಪಾದರಸದ ಸಿಮೆಂಟ್’ ಅಂತ ಬರೆದೆ. ಡಾಕ್ಟರು ಹೊಡೆದು ಹಾಕಿದರು. ಅವರ ಶಾಸ್ತ್ರದಲ್ಲಿ ಸಿಮೆಂಟ್ ಅನ್ನುವ ಬೇರೆಯೇ ವಸ್ತುಗಳಿವೆಯಂತೆ, ಅದು ಇದಾಗುವುದಿಲ್ಲವಂತೆ. ಸರಿ, ಬಿಟ್ಟೆ.

‘ರಸಬೆರಕೆ’ಯನ್ನೂ ಯೋಚಿಸಿದೆ. ಅಚ್ಚಕನ್ನಡದ ಹಾಗಿದೆ, ಹೇಳಲೂ ಸುಲಭ. ಆದರೆ ಬೆರಕೆಗೆ ನಮ್ಮಲ್ಲಿ ಒಳ್ಳೆ ಹೆಸರಿಲ್ಲ. ಬೆರಕೆ ಸೊಪ್ಪು ಒಂದನ್ನು ಬಿಟ್ಟರೆ, ಕಲಬೆರಕೆ ಹಾಲು, ಬೆರಕೆ ಆಸಾಮಿ, ಎಲ್ಲ ಅನುಮಾನದ್ದೇ. ಹಲ್ಲಿಗೆ ಬೆರಕೆ ತುಂಬಿದರು ಅಂದರೆ ಡಾಕ್ಟರು ಮೋಸ ಮಾಡಿದರು ಅಂತಲೇ ಕೇಳಿಸುತ್ತದೆ.

ಬ್ಯಾಂಕುಗಳು ಒಂದರೊಳಗೊಂದು ಸೇರುವುದಕ್ಕೂ ಇಂಗ್ಲಿಷಿನಲ್ಲಿ ಇದೇ ಪದದಿಂದ ಹುಟ್ಟಿದ ‘ಅಮಾಲ್ಗಮೇಷನ್’ ಬಳಸುತ್ತಾರೆ. ಅಲ್ಲಿ ಪಾದರಸ ಪೂರ್ತಿ ಆವಿಯಾಗಿದೆ. ನಾವು ‘ವಿಲೀನ’ ಅನ್ನುತ್ತೇವೆ, ಚೆನ್ನಾಗಿದೆ, ಅದರ ತಂಟೆಗೆ ಹೋಗುವುದಿಲ್ಲ. ಯಾರಾದರೂ ಅದೇ ಗುಂಗಿನಲ್ಲಿ ಕೆಮಿಸ್ಟ್ರಿಗೂ ‘ವಿಲೀನಲೋಹ’ ಅನ್ನದಿದ್ದರೆ ಸಾಕು.

ಸದ್ಯಕ್ಕೆ ನಾನು ಮಾಡಿರುವುದು ಇಷ್ಟು. ಕೈಪಿಡಿಯಲ್ಲಿ ‘ಬೆಳ್ಳಿ-ಪಾದರಸದ ಫಿಲ್ಲಿಂಗ್’ ಅಂತ ಬರೆದು, ಮೊದಲ ಸಲ ಬಂದಾಗ ಮಾತ್ರ “ಡಾಕ್ಟರುಗಳು ಇದಕ್ಕೆ 'ಅಮಾಲ್ಗಂ' ಅನ್ನುತ್ತಾರೆ” ಅಂತ ಸೇರಿಸಿದ್ದೇನೆ. ಪಾಠದ ಪುಸ್ತಕಕ್ಕೆ ಬೇಕಾದರೆ ಅಮಾಲ್ಗಂ ಅಂತಲೇ ಇರಲಿ, ಕ್ರಿಯೆಗೆ ಮಾತ್ರ ‘ರಸ ಕುಡಿಸುವುದು’ ಅನ್ನೋಣ ಅನ್ನಿಸುತ್ತದೆ. “ಸತುವಿಗೆ ರಸ ಕುಡಿಸಿದರೆ” ಅಂದರೆ ಎಷ್ಟು ಸಲೀಸು! ಪಕ್ಕದ ಮನೆಯವರಿಗೆ ಹೊಸ ಕರಡು ತೋರಿಸಿದೆ. ಈ ಸಲ ಓದಿ, “ಹಂಗಾದ್ರೆ ನನ್ ಹಲ್ಲಲ್ಲಿರೋದೂ ಇದೇನಾ?” ಅಂತ ಬಾಯಿ ತೆರೆದು ತೋರಿಸಿದರು. ಅದೇ.

ಈಗ ನಿಮ್ಮಿಂದ ಬೇಕಾದದ್ದು. ವಿಭಕ್ತಿ ಹಚ್ಚುವಾಗ ನೀವು ಹೇಗೆ ಬರೆಯುತ್ತೀರಿ, ಅಮಾಲ್ಗಂನಿಂದ, ಅಮಾಲ್ಗಮ್ಮಿನಿಂದ, ಅಮಾಲ್ಗಮದಿಂದ? ನಾನೇ ಮೇಲೆ ಒಂದೊಂದು ಕಡೆ ಒಂದೊಂದು ಥರ ಬರೆದಿದ್ದೇನೆ, ಗಮನಿಸಿರುತ್ತೀರಿ. ಅದಕ್ಕಿಂತ ಮುಖ್ಯವಾದದ್ದು ಇದು: ಚಿನ್ನವನ್ನು ಪಾದರಸದಲ್ಲಿ ಕಲಸಿದ ಆ ಬೆಣ್ಣೆಯಂಥ ಮುದ್ದೆಗೆ, ಒಡವೆಗೆ ಸವರುವ ಮೊದಲು, ನಿಮ್ಮೂರಿನ ಆಚಾರ್ರು, ಪತ್ತಾರರು ಏನನ್ನುತ್ತಿದ್ದರು? ಸವರಿದ ಮೇಲಿನದಕ್ಕೆ ಮುಲಾಮು ಅನ್ನುವುದು ಗೊತ್ತು. ಸವರುವ ಮೊದಲಿನ ಮುದ್ದೆಗೆ ಅವರ ನಡುವೆ ಒಂದು ಹೆಸರು ಇದ್ದೇ ಇರಬೇಕು, ದಿನಾ ಕೈಯಲ್ಲಿ ಹಿಡಿಯುವುದಕ್ಕೆ ಹೆಸರಿಲ್ಲದೆ ಇರುತ್ತದಾ? ನಮ್ಮ ಆಚಾರ್ರನ್ನು ಕೇಳೋಣ ಅಂದರೆ ಅವರು ಈಗಿಲ್ಲ, ಮಗ ಮೊಬೈಲ್ ಅಂಗಡಿ ಇಟ್ಟಿದ್ದಾನೆ. ಮನೆಯಲ್ಲಿ ವಯಸ್ಸಾದವರು ಇದ್ದರೆ ಕೇಳಿ ಬರೆಯಿರಿ. ಯಾವ ಊರು, ಯಾವ ಕಡೆಯ ಮಾತು ಅನ್ನುವುದನ್ನೂ ಸೇರಿಸಿ. ಕೈಪಿಡಿ ಅಚ್ಚಿಗೆ ಹೋಗಲು ಇನ್ನೂ ಹತ್ತು ದಿನ ಇದೆ.